ಹೈದರಾಬಾದಿನ ಡೈನೋಸಾರ್ ಎಲುಬು ಖರೇನಾ?

ಕಲಬುರಗಿಯಿಂದ ಮಗನನ್ನು ಕರ್ಕೊಂಡು ಹೈದರಾಬಾದಿನ ಬಿರ್ಲಾ ವಿಜ್ಞಾನ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿನ ಡೈನೋಸಾರ್ ಅಸ್ಥಿಪಂಜರ ಒಂದೇ ಪ್ರಾಣಿಯದ್ದಾ, ನಮ್ಮ ಶಹಾಬಾದ್ ಗಣಿಯಲ್ಲೂ ಸಿಗುತ್ತಾ ಅಂತ ವಾಪಸ್ ಬರುವಾಗ ದಾರಿಯುದ್ದಕ್ಕೂ ತಲೆ ತಿಂದ. ಯಾರಿಗಾದ್ರೂ ಗೊತ್ತಾ?

ಉತ್ತರ 1: ಅದು ಕೋಟಾಸಾರಸ್. ಆದಿಲಾಬಾದ್ ಕಡೆಯ ಯಾಮನಪಲ್ಲಿ ಹತ್ತಿರ ಸಿಕ್ಕಿದ್ದು. ಒಂದೇ ಪ್ರಾಣಿ ಅಲ್ಲ, 12 ಪ್ರಾಣಿಗಳ ಎಲುಬು ಕೂಡಿಸಿ ನಿಲ್ಲಿಸಿದ್ದಾರೆ. ಬುರುಡೆ ಸಿಗಲೇ ಇಲ್ಲ.

ಉತ್ತರ 2: ಕೋಲ್ಕತ್ತದ ಮ್ಯೂಸಿಯಂನಲ್ಲಿರೋ ಇನ್ನೊಂದು ಡೈನೋಸಾರ್ ಬಾರಾಪಾಸಾರಸ್‌ನದೂ ಇದೇ ಕತೆ, ಅದಕ್ಕೂ ಬುರುಡೆ ಇಲ್ಲ, ಬಿಡಿ ಹಲ್ಲು ಮಾತ್ರ. ಹೆಸರಲ್ಲಿರೋ ‘ಬಾರಾ’ (ಬಡಾ) ಅಂದ್ರೆ ದೊಡ್ಡ, ‘ಪಾ’ ಅಂದ್ರೆ ಬಂಗಾಳಿಯಲ್ಲಿ ಕಾಲು. ಕಲ್ಲಿನಿಂದ ಸಣ್ಣ ಉಳಿ ಹಿಡಿದು ಒಂದೊಂದೇ ಎಲುಬು ಬಿಡಿಸಿ, ಒಡೆದದ್ದಕ್ಕೆ ಅಂಟು ಹಾಕಿ, ಕಬ್ಬಿಣದ ಚೌಕಟ್ಟಿಗೆ ಕೂರಿಸಬೇಕಲ್ಲ, ವರ್ಷಗಟ್ಟಲೆ ಕೆಲಸ.

ಉತ್ತರ 3: ಶಹಾಬಾದ್ ಕಲ್ಲು ಡೈನೋಸಾರ್‌ಗಿಂತ ಎಷ್ಟೋ ಹಳೇದು ರೀ. ಸುಮ್ನೆ ಮನೆ ನೆಲಕ್ಕೆ ಹಾಸಿ!