ಐದು ತಿಂಗಳ ಗರ್ಭಿಣಿಗೆ ಮಲೇರಿಯಾ: ಮನೆಯಲ್ಲಿ ಉಳಿದ ಮಾತ್ರೆ ಕೊಡಬಹುದಾ?

ಕುಡ್ಲದವ: ನಾವು ಮಂಗಳೂರಿನವರು. ಹೆಂಡತಿಗೆ 22 ವಾರ, ಇದೇ ಮೊದಲನೆಯದು. ಚಳಿ ಬಂದು ನಡುಗಿದಳು, ಜ್ವರ ಏರಿತು, ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಬಗೆಯ ಮಲೇರಿಯಾ ಅಂತ ಬಂತು. ಡಾಕ್ಟರು ಮೂರು ದಿನಕ್ಕೆ 4, 4, 2 ಅಂತ ಕ್ಲೋರೋಕ್ವಿನ್ ಕೊಟ್ಟರು, ಅಷ್ಟೇ. ಹೋದ ವರ್ಷ ನನಗೂ ಇದೇ ಬಂದಿತ್ತು, ಆಗ ಇದರ ಜೊತೆ 14 ದಿನದ ಇನ್ನೊಂದು ಮಾತ್ರೆ ಇತ್ತು. ನಾನು ಅರ್ಧಕ್ಕೇ ಬಿಟ್ಟಿದ್ದೆ (ಬೈಯಬೇಡಿ), ಸ್ಟ್ರಿಪ್ ಇನ್ನೂ ಇದೆ. ಅದನ್ನೂ ಕೊಡದಿದ್ದರೆ ಜ್ವರದ ಬೇರು ಹೋಗುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದಾರೆ. ಕೊಡಬಹುದಾ? ಮಗುವಿಗೆ ಏನಾದರೂ ಆಗುತ್ತದಾ?

ಸಿಸ್ಟರ್ ಅಕ್ಕ: ಕೊಡಲೇಬೇಡಿ ಮಾರಾಯ್ರೆ. ಅದು ಪ್ರೈಮಾಕ್ವಿನ್ ಇರಬೇಕು, ಹೆಸರು ನೋಡಿ. ಅಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ, ವೈವಾಕ್ಸ್ ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಬರುತ್ತದೆ, ಆ ಮಾತ್ರೆ ಇರುವುದೇ ಅದಕ್ಕೆ. ಆದರೆ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇದ್ದವರಿಗೆ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಆ ಕಿಣ್ವ ಎಷ್ಟಿದೆ ಅಂತ ನೋಡುವುದು ಹೇಗೆ? ಅದಕ್ಕೇ ಬಸುರಿಯರಿಗೆ ಕೊಡುವುದಿಲ್ಲ. ಹೆರಿಗೆಯಾದ ಮೇಲೆ ಯಾವಾಗ ಅಂತ ಡಾಕ್ಟರೇ ಹೇಳುತ್ತಾರೆ, ಹಾಲುಣಿಸುವಾಗಲೂ ಪರೀಕ್ಷೆ ಮಾಡಿಯೇ ಕೊಡುವುದು. ಅಲ್ಲಿಯವರೆಗೆ ಜ್ವರ ಬಂದಾಗಲೆಲ್ಲ ಆ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಕ್ಲೋರೋಕ್ವಿನ್ ಊಟವಾದ ಮೇಲೆ ತೆಗೆದುಕೊಳ್ಳಲಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮತ್ತೆ ಕೊಡಬೇಕಾಗುತ್ತದೆ. ಹಿಮೋಗ್ಲೋಬಿನ್ ಎಷ್ಟಿದೆ?

ಪಾಪುವಿನಮ್ಮ: ನನಗೆ ಏಳನೇ ತಿಂಗಳಲ್ಲಿ ಎರಡು ಸಲ ಬಂತು, ಅದೂ ವೈವಾಕ್ಸೇ. ಜ್ವರ ಬಿಟ್ಟಿತಲ್ಲ ಅಂತ ಸುಮ್ನೆ ಇದ್ದೆ, ಆದರೆ ರಕ್ತ ಇಳಿದಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಮಗಳು ಹುಟ್ಟಿದಾಗ 2.1 ಕೆಜಿ. ಈಗ ಓಡಾಡಿಕೊಂಡಿದ್ದಾಳೆ, ಆದರೂ ಆ ಮೊದಲ ತಿಂಗಳು ನೆನೆದರೆ ಭಯ. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ಸ್ಕ್ಯಾನ್‌ನಲ್ಲಿ ಮಗುವಿನ ತೂಕ ಕೇಳಿ.

ದಾರ್ ಎಸ್ ಸಲಾಮ್‌ನಿಂದ: ನಾನು ಟಾಂಜಾನಿಯಾದಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದೇನೆ. ಇಲ್ಲಿ ಜಾಸ್ತಿ ಇರುವುದು ಫಾಲ್ಸಿಪಾರಮ್ ಅನ್ನುವ ಇನ್ನೊಂದು ಬಗೆಯ ಮಲೇರಿಯಾ, ಅದರ ಕಥೆಯೇ ಬೇರೆ. ಸೋಂಕಿದ ರಕ್ತಕಣಗಳು ಮಾಸಿಗೆ ಅಂಟಿಕೊಂಡು ಕೂರುತ್ತವೆ, ಮಗುವಿಗೆ ಹೋಗುವ ಆಹಾರಕ್ಕೂ ಆಮ್ಲಜನಕಕ್ಕೂ ಅಡ್ಡ. ಗರ್ಭಪಾತ, ದಿನ ತುಂಬದ ಹೆರಿಗೆ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ಎಲ್ಲ ಆಗುತ್ತದೆ. ಇಲ್ಲಿನವರಿಗೆ ಸ್ವಲ್ಪ ನಿರೋಧಶಕ್ತಿ ಇರುವುದರಿಂದ ಎಷ್ಟೋ ತಾಯಂದಿರಿಗೆ ಜ್ವರವೇ ಬರುವುದಿಲ್ಲ, ಒಳಗೇ ನಡೆಯುತ್ತದೆ, ಚೊಚ್ಚಲಿನವರಿಗೆ ಹೆಚ್ಚು. ಅದಕ್ಕೇ ನಾಲ್ಕನೇ ತಿಂಗಳಿಂದ ತಪಾಸಣೆಗೆ ಬಂದಾಗ ಜ್ವರ ಇಲ್ಲದಿದ್ದರೂ ಮಲೇರಿಯಾ ತಡೆಯಲು ಎಸ್‌ಪಿ (ಸಲ್ಫಾಡಾಕ್ಸಿನ್-ಪೈರಿಮೆಥಮಿನ್) ಮಾತ್ರೆ ನುಂಗಿಸುತ್ತಾರೆ. ಭಾರತದಲ್ಲಿ ಆ ಪದ್ಧತಿ ಇಲ್ಲ, ಜ್ವರ ಬಂದಾಗ ಬೇಗ ಕಂಡುಹಿಡಿಯುವುದೇ ದಾರಿ. ನಿಮ್ಮದು ವೈವಾಕ್ಸ್, ಅಷ್ಟು ಭೀಕರವಲ್ಲ, ಹಾಗಂತ ಸಸಾರವೂ ಅಲ್ಲ. ಮಗುವಿನ ಚಲನೆ ಕಡಿಮೆಯಾದರೆ, ರಕ್ತ ಕಂಡರೆ, ಮಂಪರು ಬಂದರೆ ಬೆಳಗಾಗುವವರೆಗೆ ಕಾಯಬೇಡಿ.

ಸಿಸ್ಟರ್ ಅಕ್ಕ: ಇನ್ನೊಂದು, ಪಕ್ಕದಲ್ಲಿ ಕಟ್ಟಡ ಕೆಲಸ ಇದೆಯಾ? ನಮ್ಮೂರಿನ ಮಲೇರಿಯಾ ಸೊಳ್ಳೆಗೆ ಮುಚ್ಚದ ನೀರಿನ ಟ್ಯಾಂಕು, ಸಿಮೆಂಟಿಗೆ ಹಿಡಿದಿಟ್ಟ ನೀರು ಅಂದರೆ ಪ್ರಾಣ. ಹಗಲು ಸೊಳ್ಳೆ ಬತ್ತಿ ಉರಿಸಿ ರಾತ್ರಿ ಪರದೆ ಇಲ್ಲದೆ ಮಲಗಿದರೆ ಏನು ಉಪಯೋಗ?

ಕುಡ್ಲದವ: ನೋಡಿದೆ, ಪ್ರೈಮಾಕ್ವಿನ್ ಅಂತಲೇ ಬರೆದಿದೆ. ಅಮ್ಮನಿಗೆ ಓದಿ ಹೇಳಿದೆ, ಮುಖ ಸಪ್ಪೆಯಾಯಿತು, ಆದರೆ ಒಪ್ಪಿದರು. ಹಿಮೋಗ್ಲೋಬಿನ್ 9.2 ಇದೆ, ನಾಳೆ ಡಾಕ್ಟರಿಗೆ ತೋರಿಸುತ್ತೇನೆ. ಮತ್ತೆ ಹೌದಕ್ಕ, ಎದುರಿಗೇ ನಾಲ್ಕು ಮಹಡಿ ಏಳುತ್ತಿದೆ.