ಘನ ಮಾದರಿಯಿಂದ ಲಂಬ ಪ್ರಕ್ಷೇಪ ನೋಟಗಳು: ಮೇಲೆ ತಳಭಾಗ ಮೂಡುವುದೇಕೆ?

ಪ್ರಶ್ನೆ: ಆಟೋಕ್ಯಾಡ್ ಎಂಬ ನಕ್ಷೆ ತಂತ್ರಾಂಶದಲ್ಲಿ ಘನ ಮಾದರಿಯಾಗಿ ರಚಿಸಿದ ಬ್ರಾಕೆಟ್ ಒಂದರ ಮುಂಭಾಗದ ನೋಟವನ್ನು ವ್ಯೂಬೇಸ್ ಆದೇಶದಿಂದ (ಮಾದರಿಯಿಂದ ನೋಟಗಳನ್ನು ರಚಿಸುವ ಆದೇಶ) ಲೇಔಟ್ ಹಾಳೆಯ, ಅಂದರೆ ಮುದ್ರಣಕ್ಕೆ ನಕ್ಷೆ ಜೋಡಿಸುವ ಹಾಳೆಯ ಮೇಲಿರಿಸಿ ಕರ್ಸರನ್ನು ಮೇಲಕ್ಕೆ ಸರಿಸಿದರೆ, ಮೇಲ್ಭಾಗದ ನೋಟದ ಬದಲು ತಳಭಾಗದ ನೋಟ ಮೂಡುತ್ತಿದೆ. ವ್ಯೂಬೇಸ್ ಬದಲು, ಮಾದರಿಯನ್ನು ಚಪ್ಪಟೆ ಚಿತ್ರವಾಗಿಸುವ ಫ್ಲಾಟ್‌ಶಾಟ್ ಆದೇಶವನ್ನು ಬಳಸುವುದು ಸೂಕ್ತವೇ?

ಉತ್ತರ 1: ಇದು ದೋಷವಲ್ಲ, ನಿಮ್ಮ ಕಡತದಲ್ಲಿ ನೋಟಗಳನ್ನು ಜೋಡಿಸುವ ಎರಡು ಪದ್ಧತಿಗಳಲ್ಲೊಂದಾದ ಫಸ್ಟ್ ಆಂಗಲ್ ಪ್ರೊಜೆಕ್ಷನ್ ಆಯ್ಕೆಯಾಗಿದೆ. ಈ ಪದ್ಧತಿಯಲ್ಲಿ ವಸ್ತುವು ನೋಡುವವನಿಗೂ ಪ್ರಕ್ಷೇಪ ತಲಕ್ಕೂ (ನೋಟ ಮೂಡುವ ಕಾಲ್ಪನಿಕ ಸಮತಲ) ನಡುವೆ ಇರುತ್ತದೆಯಾದ್ದರಿಂದ, ಮೇಲಿನಿಂದ ಕಂಡ ಆಕಾರವು ಆಚೆಗಿನ ತಲದ ಮೇಲೆ, ಅಂದರೆ ಮುಂಭಾಗದ ನೋಟದ ಕೆಳಗೆ ಬೀಳುತ್ತದೆ; ಹಾಗೆಯೇ ತಳಭಾಗದ ನೋಟ ಮೇಲೆ ಬರುತ್ತದೆ. ಇನ್ನೊಂದು ಪದ್ಧತಿಯಾದ ಥರ್ಡ್ ಆಂಗಲ್‌ನಲ್ಲಿ ತಲವೇ ನಡುವೆ ನಿಲ್ಲುವುದರಿಂದ ಮೇಲ್ಭಾಗದ ನೋಟ ಮೇಲೆ ಬರುತ್ತದೆ. ವ್ಯೂಎಸ್‌ಟಿಡಿ ಆದೇಶದಲ್ಲಿ ಈ ಪದ್ಧತಿಯನ್ನು ಬದಲಿಸಬಹುದು. ಆದರೆ ಈಗಾಗಲೇ ಇರಿಸಿದ ನೋಟಗಳಿಗೆ ಬದಲಾವಣೆ ಅನ್ವಯಿಸದು, ಅವನ್ನು ಅಳಿಸಿ ಮತ್ತೆ ರಚಿಸಬೇಕು.

ಉತ್ತರ 2: ಫ್ಲಾಟ್‌ಶಾಟ್ ನೀಡುವುದು ಚಪ್ಪಟೆಯಾದ ಬ್ಲಾಕ್ (ಒಂದೇ ಘಟಕವಾಗಿ ಕೂಡಿಸಿದ ರೇಖಾಚಿತ್ರ) ಮಾತ್ರ. ಮಾದರಿಯಲ್ಲಿ ರಂಧ್ರವೊಂದರ ವ್ಯಾಸವನ್ನು 10 ಮಿ.ಮೀ.ನಿಂದ 12 ಮಿ.ಮೀ.ಗೆ ಹೆಚ್ಚಿಸಿದರೂ ಆ ಬ್ಲಾಕ್ ತಾನಾಗಿ ಬದಲಾಗದು, ವ್ಯೂಬೇಸ್ ನೋಟಗಳಾದರೋ ಮಾದರಿಯೊಂದಿಗೆ ನವೀಕರಣಗೊಳ್ಳುತ್ತವೆ. ತಿದ್ದುಪಡಿ ನಿರೀಕ್ಷಿತವಾಗಿದ್ದರೆ ಫ್ಲಾಟ್‌ಶಾಟನ್ನು ನಾನಂತೂ ಶಿಫಾರಸು ಮಾಡಲಾರೆ.

ಉತ್ತರ 3: ಯಾವ ಪದ್ಧತಿಯನ್ನು ಆರಿಸಿದರೂ, ಮೊಟಕಾದ ಶಂಕುವಿನ ಎರಡು ನೋಟಗಳುಳ್ಳ ಪ್ರಕ್ಷೇಪ ಚಿಹ್ನೆಯನ್ನು ಶೀರ್ಷಿಕೆ ಚೌಕದಲ್ಲಿ (ನಕ್ಷೆಯ ವಿವರಗಳಿರುವ ಚೌಕ) ತಪ್ಪದೆ ಹಾಕಿರಿ, ಅದಿಲ್ಲದಿದ್ದರೆ ಭಾಗವನ್ನು ತಯಾರಿಸುವವರು ಎಡಬಲಗಳನ್ನು ಅದಲುಬದಲಾಗಿ ಓದುವ ಸಾಧ್ಯತೆಯಿದೆ.