ಪದ ಬೇಕಿದೆ, ತುರ್ತು: ‘ಹೋಮ್‌ಲೆಸ್ ವೆಟರನ್’

ಗೆಳೆಯರೇ,
ಅಮೆರಿಕದ ಕಪ್ಪು ವೆಟರನ್‌ಗಳ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ರಾತ್ರಿ ಒಂಬತ್ತಕ್ಕೆ ಪುಟ ಕಟ್ಟುತ್ತಾರೆ, ಶೀರ್ಷಿಕೆಗೇ ಪದವಿಲ್ಲ. ‘ನಿರಾಶ್ರಿತ’ ಅಂದರೆ ಗಡಿ ದಾಟಿ ಬಂದವರು ಅಂದುಕೊಳ್ಳುತ್ತಾರೆ. ‘ನಿವೃತ್ತ ಯೋಧ’ ಅಂದರೆ ಪಿಂಚಣಿ ಎಣಿಸುವವರ ಹಾಗೆ ಕೇಳುತ್ತದೆ. ಅಲ್ಲಿನ ವೆಟರನ್‌ಗಳಲ್ಲಿ ಕಪ್ಪು ಜನ ಎಂಟರಲ್ಲೊಬ್ಬರು. ಬೀದಿಯಲ್ಲೋ ಶೆಲ್ಟರಿನಲ್ಲೋ ಮಲಗುವ ವೆಟರನ್‌ಗಳಲ್ಲಿ ಹೆಚ್ಚುಕಮ್ಮಿ ಮೂವರಲ್ಲೊಬ್ಬರು. ಜೊತೆಗಿರುವ ಫೋಟೊ 2021ರದು: ಲಾಸ್ ಏಂಜಲೀಸ್‌ನ ವೆಟರನ್ ಆಸ್ಪತ್ರೆಯ ಬೇಲಿ ಹೊರಗೆ ಸಾಲು ಟೆಂಟು, ಟೆಂಟುಗಳಿಗೆ ಹೊದಿಸಿದ ಅಮೆರಿಕದ ಬಾವುಟ. ಬೇಲಿ ಒಳಗಿನ ಜಾಗ 1888ರಲ್ಲಿ ಸೈನಿಕರ ವಸತಿಗೆಂದೇ ದಾನ ಬಂದದ್ದು.
ವಸುಧಾ

‘ವಸತಿರಹಿತ’ ಅಂತ ಸಂಸ್ಕ್ರುತದ ಬಾಗಿಲು ಬಡಿಯುವ ಮೊದಲೇ ಹೇಳಿಬಿಡುತ್ತೇನೆ. ನಾಚಿಕೆಯಿಲ್ಲದವನಿಗೆ ಹಳಗನ್ನಡದಲ್ಲಿ ‘ನಾಣಿಲಿ’ ಇದೆ. ಅದೇ ಜಾಡಿನಲ್ಲಿ ‘ಮನೆಯಿಲಿ’. ವೆಟರನ್‌ಗೆ ‘ಹಳೆಪಡೆಯಾಳು’. ಮುಗಿಯಿತು.
ಚೆನ್ನಬಸು

‘ಕಪ್ಪು ಮನೆಯಿಲಿಗಳು’ ಅಂತ ಅಚ್ಚಾದರೆ ಓದುಗರು ಬೋನು ಹುಡುಕುತ್ತಾರೆ. ಮನುಷ್ಯರ ಬಗ್ಗೆ ಬರೆಯುತ್ತಿದ್ದಾರೆ, ಸ್ವಾಮಿ.

ವಸುಧಾ ಅವರೇ, ‘ಮಾಜಿ ಸೈನಿಕ’ ಸಾಕು. ಸೈಟಿನ ಅರ್ಜಿಯಿಂದ ಹಿಡಿದು ಎಲ್ಲ ಕಡೆ ಇರುವುದು ಅದೇ. ‘ನಿವೃತ್ತ’ ಬಿಟ್ಟದ್ದು ಸರಿ. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಸೇನೆ ಬೇಡವಾದವರನ್ನು ನೀಲಿ ಕಾಗದ ಕೊಟ್ಟು ಕಳಿಸುತ್ತಿತ್ತು, ಗೌರವದ ಬಿಡುಗಡೆಯೂ ಅಲ್ಲ, ಅಗೌರವದ್ದೂ ಅಲ್ಲ. ಸೇನೆಯಲ್ಲಿ ಕಪ್ಪು ಸೈನಿಕರು ನೂರಕ್ಕೆ 7 ಕೂಡ ಇರಲಿಲ್ಲ. ನೀಲಿ ಕಾಗದದಲ್ಲಿ ಅವರ ಪಾಲು 22. ಆ ಕಾಗದ ಕಂಡರೆ ವೆಟರನ್ ಕಚೇರಿಗಳು ವೆಟರನ್‌ಗಳ ಓದಿಗೆ, ಮನೆ ಸಾಲಕ್ಕೆ ನೆರವಾಗಲೆಂದು ತಂದ 1944ರ ಜಿಐ ಕಾಯ್ದೆಯ ಸವಲತ್ತನ್ನು ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. ಕಾಗದ ಸರಿಯಿದ್ದವರ ಪಾಡೂ ಅಷ್ಟಕ್ಕಷ್ಟೇ. ಸರ್ಕಾರ ಬರೀ ಜಾಮೀನು, ಸಾಲ ಕೊಡಬೇಕಾದದ್ದು ಊರಿನ ಬ್ಯಾಂಕು. 1947ರಲ್ಲಿ ಮಿಸಿಸಿಪ್ಪಿಯ 13 ಪಟ್ಟಣಗಳಲ್ಲಿ ಲೆಕ್ಕ ಹಾಕಿದರೆ 3,229 ಸಾಲಗಳಲ್ಲಿ ಕಪ್ಪು ವೆಟರನ್‌ಗಳಿಗೆ ಸಿಕ್ಕಿದ್ದು 2. ಎರಡು! ಅಪ್ಪನಿಗೆ ಮನೆಯಾಗಲಿಲ್ಲ, ಮಗನಿಗೆ ಅಡ ಇಡಲೂ ಏನೂ ಉಳಿಯಲಿಲ್ಲ. ಹಾಗಾಗಿ ‘ಸೂರಿಲ್ಲದ’ ಅನ್ನಿ. ‘ಸೂರು ಕಳೆದುಕೊಂಡ’ ಬೇಡ, ಎಷ್ಟೋ ಮಂದಿಗೆ ಕಳೆದುಕೊಳ್ಳಲು ಇರಲೇ ಇಲ್ಲ.
ರಾಘವೇಂದ್ರ

‘ಮಾಜಿ’ ಅರಬ್ಬಿ, ‘ಸೈನಿಕ’ ಸಂಸ್ಕ್ರುತ. ಎರಡು ಮನೆ ಸಾಲ ಎತ್ತಿ ತಂದು ಕನ್ನಡ ಅನ್ನುತ್ತೀರಿ.
ಚೆನ್ನಬಸು

ಸಾಲ ಹುಟ್ಟಿದ್ದು ನಮ್ಮ ಪುಣ್ಯ. ಹುಟ್ಟದವರ ಕಥೆಯನ್ನು ಮೇಲೆ ಬರೆದಿದ್ದೇನೆ, ಓದಿ.
ರಾಘವೇಂದ್ರ

ಜಗಳದ ನಡುವೆ ಒಂದು ಮಾತು: ಲೇಖನದೊಳಗೆ ‘ಜನಾಂಗೀಯ ಅಸಮಾನತೆ’ ಬಂದರೆ ಎಚ್ಚರ. ನಮ್ಮ ಪತ್ರಿಕೆಗಳಲ್ಲಿ ‘ಜನಾಂಗ’ ಅಂದರೆ ಜಾತಿ. ‘ವರ್ಣಭೇದ’ವೇ ವಾಸಿ.
ಶಾಲಿನಿ

ವರ್ಣ ಜಾತಿಯಲ್ಲವೇ? ಒಳ್ಳೆ ಕತೆ. ‘ಮಯ್‌ಬಣ್ಣದ ಮೇಲುಕೀಳು’ ಅನ್ನಿ.
ಚೆನ್ನಬಸು

ಇದೊಂದು ಚೆನ್ನಾಗಿದೆ, ಒಪ್ಪಿದೆ.
ಶಾಲಿನಿ

‘ಸೂರಿಲ್ಲದ ಮಾಜಿ ಸೈನಿಕರು’ ಕಳಿಸಿದೆ, ‘ಕಪ್ಪು’ ಉಪಶೀರ್ಷಿಕೆಗೆ ಹೋಯಿತು. ‘ಮೇಲುಕೀಳು’ ಒಳಗೆ ಬಳಸಿದ್ದೇನೆ. ಇನ್ನೊಂದು: ಕಪ್ಪು ಜನರ ಬಡಾವಣೆಗಳಿಗೆ ನಕಾಶೆಯಲ್ಲಿ ಕೆಂಪು ಬಳಿದು ಸಾಲ ತಪ್ಪಿಸುತ್ತಿದ್ದ ‘ರೆಡ್‌ಲೈನಿಂಗ್’ಗೆ? ಎಂಟೂವರೆಯೊಳಗೆ.
ವಸುಧಾ

‘ಕೆಂಗೆರೆ’.
ಚೆನ್ನಬಸು

ಪ್ರೂಫ್ ನೋಡುವವರು ‘ಕೆಂಗೇರಿ’ ಮಾಡಿ ಬಿಡುತ್ತಾರೆ. ‘ರೆಡ್‌ಲೈನಿಂಗ್’ ಅಂತಲೇ ಇಟ್ಟು ಒಂದು ಸಾಲು ವಿವರಣೆ ಕೊಡಿ.
ರಾಘವೇಂದ್ರ